ನಾಲ್ಕು ಗಜದ ತಕರಾರು

ನಮ್ಮ ಜೊತೆ ಗಾಲ್ಫ್ ಆಡುವ ಮಹಾಶಯರೊಬ್ಬರಿದ್ದಾರೆ. ಅವರ ಕೈಯಲ್ಲಿರುವ ಜಿಪಿಎಸ್ ಯಂತ್ರ ಹಸಿರಿಗೆ, ಅಂದರೆ ಕುಳಿ ಇರುವ ನುಣುಪು ಹುಲ್ಲುಹಾಸಿಗೆ, 147 ಯಾರ್ಡ್ ಅಂದರೆ ನನ್ನದು 151 ಅನ್ನುತ್ತದೆ. ಅಲ್ಲಿಗೆ ಆಟ ನಿಂತಿತು. ಅವರು ಎರಡು ಹೆಜ್ಜೆ ಹಿಂದೆ ಬರುತ್ತಾರೆ, ಮುಂದೆ ಹೋಗುತ್ತಾರೆ, ಯಂತ್ರವನ್ನು ಆಕಾಶಕ್ಕೆ ತೋರಿಸುತ್ತಾರೆ. ಹಿಂದಿನ ತಂಡ ಸೊಂಟಕ್ಕೆ ಕೈಯಿಟ್ಟು ಕಾಯುತ್ತಿರುತ್ತದೆ. ಕೊನೆಗೂ ಹೊಡೆದ ಚೆಂಡು ಬಲಕ್ಕೆ ತಿರುಗಿ ಮರಗಳ ನಡುವೆ ಮಾಯ. ನಾಲ್ಕು ಯಾರ್ಡ್ ಯಾವ ಲೆಕ್ಕ ಸ್ವಾಮಿ?

2000ದ ಮೇವರೆಗೆ ಅಮೆರಿಕದವರು ಜನಸಾಮಾನ್ಯರ ಜಿಪಿಎಸ್ ಸಿಗ್ನಲನ್ನು ಬೇಕಂತಲೇ ಕೆಡಿಸಿ ಕೊಡುತ್ತಿದ್ದರು. ನೂರು ಮೀಟರಿನಷ್ಟು ಎಡವಟ್ಟಾದರೂ ಕೇಳುವವರಿರಲಿಲ್ಲ. ಈಗ ಕೆಲವು ಮೀಟರ್ ಹೆಚ್ಚುಕಡಿಮೆ, ಅಷ್ಟೇ. ಅದೂ ಹಸಿರಿನ ಮುಂಭಾಗ, ನಡು, ಹಿಂಭಾಗದ ದೂರ. ಕುಳಿಯನ್ನು ಬೆಳಿಗ್ಗೆ ಮಾಲಿ ಎಲ್ಲಿಗೆ ಸರಿಸಿದ ಅಂತ ಉಪಗ್ರಹಕ್ಕೇನು ಗೊತ್ತು? ಬೆಂಗಳೂರಿನ ಎತ್ತರ ಸುಮಾರು 900 ಮೀಟರ್. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಮಂಗಳೂರಿಗಿಂತ ನಾಲ್ಕೈದು ಯಾರ್ಡ್ ಜಾಸ್ತಿಯೇ ಹೋಗುತ್ತದೆ. ಅದರ ಬಗ್ಗೆ ಮಾತ್ರ ಯಾರೂ ಜಗಳ ಆಡುವುದಿಲ್ಲ. 2021ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ದೂರ ಅಳೆಯುವ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿದ್ದು ಆಟ ಚುರುಕಾಗಲಿ ಅಂತಂತೆ. ನಮ್ಮ ಮಹಾಶಯರನ್ನು ಅವರು ನೋಡಿಲ್ಲ.

ಯಾರ್ಡ್ ಅನ್ನಿ, ಗಜ ಅನ್ನಿ, ಈ ಗಲಾಟೆ ನಮ್ಮ ಮನೆತನಕ್ಕೆ ಹೊಸದಲ್ಲ. ಊರಲ್ಲಿ ದೊಡ್ಡಪ್ಪನಿಗೂ ಪಕ್ಕದ ಹೊಲದವನಿಗೂ ಬದುವಿನ ತಕರಾರು. ಸರ್ವೆಯವರು ಸರಪಳಿ ತಂದರು. ಉದ್ದ 33 ಅಡಿ, ಅಂದರೆ ಸರಿಯಾಗಿ 11 ಗಜ. ಅದರಲ್ಲಿ 16 ಸಮಭಾಗ, ಒಂದೊಂದು ಭಾಗವೂ ಒಂದು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ. ಜಗಳ ಇದ್ದಿದ್ದು ಎರಡು ಆಣೆಗೆ, ಸುಮಾರು ನಾಲ್ಕು ಅಡಿಗೆ. ನಿಜ ಹೇಳಬೇಕೆಂದರೆ ಆ ನಾಲ್ಕು ಅಡಿಯಲ್ಲಿ ನಿಂತಿದ್ದ ಹುಣಸೆ ಮರಕ್ಕೆ.

ಅಳತೆ ನಮ್ಮ ಕಡೆಯಿಂದ ಶುರುವಾಯಿತು. "ಸರಪಳಿ ಜೋಲು ಬಿದ್ದಿದೆ, ಬಿಗಿಯಾಗಿ ಎಳೀರಿ" ಅಂದರು ದೊಡ್ಡಪ್ಪ. "ಹಂಗೆ ಎಳೆದ್ರೆ ಕೊಂಡಿ ಬಾಯಿ ಬಿಡ್ತದೆ ಗೌಡ್ರೇ" ಅಂದ ಪಕ್ಕದ ಹೊಲದವನು. ಮತ್ತೆ ಅಳೆದರು. ಅವನ ಕಡೆಯಿಂದ ಅಳೆಯುವಾಗ ಬಿಗಿ ಎಳೀರಿ ಅನ್ನುವ ಸರದಿ ಅವನದು. ಸರ್ವೆಯವರು ಎರಡೂ ಮನೆಯಲ್ಲಿ ಮಜ್ಜಿಗೆ ಕುಡಿದು, ಗೆರೆಯನ್ನು ಮರದ ಬುಡದ ನಟ್ಟನಡುವೆ ಹಾಯಿಸಿ ಹೋದರು. ಇಬ್ಬರೂ ಅಪೀಲು ಹಾಕಿದರು. ಎರಡನೇ ಸಲ ಬೇರೆ ಸರ್ವೆಯರ್ ಬಂದರು. ಸರಪಳಿ ಬಿಚ್ಚುವ ಮೊದಲು ಅವರು ಕೇಳಿದ್ದು, "ಹುಣಸೆಹಣ್ಣು ಕೆಜಿಗೆ ಹೆಂಗೆ ಕೊಡ್ತೀರಿ?" ಅಂತ.