21,000 ದಾಟಿದ ಮೇಲೂ ಇಎಸ್‌ಐ ಕಡಿತ ಯಾಕೆ?

‘ಸಂಬಳ 21,000 ರೂಪಾಯಿ ದಾಟಿದ ತಿಂಗಳಿಂದಲೇ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಂತು ಹಿಡಿಯುವಂತಿಲ್ಲ, ಹಿಡಿದರೆ ಅದು ಕಂಪನಿಯ ಜೇಬಿಗೆ’ ಎಂಬ ಮೆಸೇಜು ಮಂಗಳೂರಿನ ಬೈಕಂಪಾಡಿ ಕಡೆ ಓಡಾಡುತ್ತಿದೆ. ಇದು ತಪ್ಪು.

ಇಎಸ್‌ಐ ಲೆಕ್ಕ ಆರಾರು ತಿಂಗಳದ್ದು: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನಡುವೆ ಸಂಬಳ ಏರಿದರೂ ಆ ಅವಧಿ ಮುಗಿಯುವ ತನಕ ಕಡಿತ ಇರುತ್ತದೆ. ಅದೂ ಪೂರ್ತಿ ಸಂಬಳದ ಮೇಲೆ. ಜುಲೈಯಲ್ಲಿ ನಿಮ್ಮ ಸಂಬಳ 22,400 ಆಯಿತು ಅನ್ನಿ. ನಿಮ್ಮ ಪಾಲು ಶೇ. 0.75, ಅಂದರೆ 168 ರೂಪಾಯಿ. ಮಾಲೀಕರದ್ದು ಶೇ. 3.25, ಅಂದರೆ 728. ಅವರದ್ದೇ ಜಾಸ್ತಿ ಅಲ್ವಾ? ಸೆಪ್ಟೆಂಬರ್ ಸಂಬಳದವರೆಗೆ ಇದು ಸರಿ. ಅಕ್ಟೋಬರ್ ಸಂಬಳದಲ್ಲೂ ಹಿಡಿದರೆ ಆಗ ಧೈರ್ಯವಾಗಿ ಕೇಳಿ.

ದುಡ್ಡು ಸುಮ್ನೆ ಹೋಗುವುದೂ ಇಲ್ಲ. ಆ ಆರು ತಿಂಗಳ ಕಂತಿಗೆ ಮುಂದಿನ ಜನವರಿಯಿಂದ ಜೂನ್ ತನಕ ಸೌಲಭ್ಯ ಇದೆ.