ಒಂದಕ್ಕೆ ಟೋಪಿ

ಸಂಡೇ ಬಜಾರಿನಲ್ಲಿ ಬೀಟಲ್ಸ್ ತಂಡದ 1963ರ ‘ವಿತ್ ದ ಬೀಟಲ್ಸ್’ ರೆಕಾರ್ಡ್ ಸಿಕ್ಕಿತು. “ದಮ್‌ದಮ್ ಮಾಲಲ್ಲ ಸಾರ್, ಇಂಗ್ಲೆಂಡಿಂದು” ಎಂದ ಅಂಗಡಿಯವನು. ನಮ್ಮಲ್ಲಿ ಸಿಗುವ ಹಳೇ ತಟ್ಟೆಗಳು ಸಾಮಾನ್ಯವಾಗಿ ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯವು. ನಾನು 1,500 ರೂಪಾಯಿ ಎಣಿಸಿದೆ. ಮನೆಯಲ್ಲಿ 300 ಎಂದೆ.

ಹಾಡು ಮುಗಿದ ಮೇಲೆ, ಲೇಬಲ್ಲಿನ ಸುತ್ತ ನುಣ್ಣಗಿನ ಜಾಗವೊಂದು ಇರುತ್ತದಲ್ವಾ, ಅಲ್ಲಿ ಇರುವೆ ಕಾಲಿನಂಥ ಅಕ್ಷರಗಳಿರುತ್ತವೆ. ಅದೇ ರೆಕಾರ್ಡಿನ ಜಾತಕ. ತಟ್ಟೆಯನ್ನು ಗಡಿಯಾರ ಅಂದುಕೊಳ್ಳಿ. ಬೀಟಲ್ಸ್ ತಟ್ಟೆ ಒತ್ತುತ್ತಿದ್ದ ಇಂಗ್ಲೆಂಡಿನ ಇಎಂಐ ಕಂಪನಿಯ ರೆಕಾರ್ಡುಗಳಲ್ಲಿ ಆರು ಗಂಟೆ ಕಡೆ ಮ್ಯಾಟ್ರಿಕ್ಸ್ ನಂಬರು, ಅಂದರೆ ಮೂಲ ತಟ್ಟೆಯ ಗುರುತು. ಅದರ ಬಾಲದಲ್ಲಿ 1 ಇದ್ದರೆ ಮೊದಲ ಕಟ್, ಅಂದರೆ ಹಾಡನ್ನು ಮೂಲ ತಟ್ಟೆಗೆ ಮೊದಲ ಸಲ ಕೊರೆದದ್ದು. ಸಂಗ್ರಹಕಾರರು ಬಾಯಿ ಬಿಡುವುದೇ ಅದಕ್ಕೆ. ಮೂರು ಗಂಟೆ ಕಡೆ, ತಟ್ಟೆ ಒತ್ತಿದ ಸ್ಟ್ಯಾಂಪರ್ ಅನ್ನುವ ಅಚ್ಚು ಎಷ್ಟನೆಯದು ಅನ್ನುವ ಗುಟ್ಟು. ಅದು ಅಂಕಿಯಲ್ಲಿರುವುದಿಲ್ಲ. ‘ಗ್ರಾಮೋಫೋನ್ ಲಿಮಿಟೆಡ್’ ಅನ್ನುವುದನ್ನು ಹತ್ತು ಇಂಗ್ಲಿಷ್ ಅಕ್ಷರಕ್ಕೆ ಇಳಿಸಿ, ಜಿ ಅಂದರೆ 1, ಆರ್ 2, ಎ 3, ಎಂ 4, ಒ 5, ಹೀಗೆ ಹೋಗಿ ಕೊನೆಯ ಡಿ ಅಂದರೆ ಸೊನ್ನೆ. ಬಟ್ಟೆ ಅಂಗಡಿಯವರು ಸೀರೆ ಚೀಟಿ ಮೇಲೆ ಅಸಲು ಬೆಲೆಯನ್ನು ಅಕ್ಷರದಲ್ಲಿ ಬರೆದಿಡುತ್ತಾರಲ್ಲ, ಅದೇ ಚಾಲಾಕಿ.

ಓದಲು ಕೂತೆ. ಟಾರ್ಚ್ ಬಿಟ್ಟೆ, ಭೂತಗನ್ನಡಿ ಹಿಡಿದೆ, ತಟ್ಟೆಯನ್ನು ದೋಸೆಯಂತೆ ತಿರುಗಿಸಿದೆ. ಕಂಡದ್ದು ನನ್ನ ಮೂಗು ಮಾತ್ರ. ಆಗ ಹೊಳೆದದ್ದು ದೇವರ ಮನೆಯ ವಿಭೂತಿ. ಬೆರಳಲ್ಲಿ ಚಿಟಿಕೆ ತೆಗೆದು ಸವರಿದೆ. ಕಪ್ಪು ತಟ್ಟೆಯ ಮೇಲೆ ಬೆಳ್ಳಗೆ ಎದ್ದು ಬಂತು ನೋಡಿ: 447-1. ಮೂರು ಗಂಟೆ ಕಡೆ ಒಂದೇ ಒಂದು ಜಿ!

ಮೊದಲ ಕಟ್, ಮೊದಲ ಸ್ಟ್ಯಾಂಪರ್. ಕೈ ನಡುಗಿತು. ಮನಸ್ಸಿನಲ್ಲೇ ರೆಕಾರ್ಡ್ ಮಾರಿ, ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿ, ಮಿಕ್ಕಿದ್ದರಲ್ಲಿ ಇನ್ನೊಂದು ಪ್ಲೇಯರ್ ಕೊಂಡೆ. ಹೆಂಡತಿಯನ್ನು ಕರೆದು ನಿಜವಾದ ಬೆಲೆಯನ್ನೂ ಹೇಳಿಬಿಟ್ಟೆ. ಮೊದಲ ತಪ್ಪು ಅದು.

ಮಗಳು ಬಂದಳು. ತಟ್ಟೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದಳು.

“ಅಪ್ಪ, ಜಿ ಪಕ್ಕದಲ್ಲಿ ಎ ಇದೆ, ಒ ಇದೆ.”

ವಿಭೂತಿ ಅಲ್ಲಿಯವರೆಗೆ ತಲುಪಿರಲಿಲ್ಲ. ಜಿ, ಎ, ಒ. ಅಂದರೆ 135ನೇ ಸ್ಟ್ಯಾಂಪರ್.

“ಹೋಗಲಿ, ಕಟ್ ಆದರೂ ಮೊದಲನೆಯದು” ಎಂದೆ.

“ಇದು 1 ಅಲ್ಲಪ್ಪ. ತಲೆ ಮೇಲೆ ಟೋಪಿ ಇದೆ ನೋಡು. 7.”

“ಟೋಪಿ ಅದಕ್ಕೊಂದಕ್ಕೇ ಅಲ್ಲ ಬಿಡೇ” ಎಂದಳು ಹೆಂಡತಿ.

ಸುಮ್ನೆ ಹಾಡಾದರೂ ಕೇಳೋಣವೆಂದು ಮುಳ್ಳು ಇಟ್ಟೆ. ಒರೆಸುವಾಗ ವಿಭೂತಿಯೆಲ್ಲ ಹಾಡಿನ ಗೀರುಗಳಿಗೆ ಇಳಿದಿತ್ತು. ಬೀಟಲ್ಸ್ ಗಾಯಕ ಲೆನನ್ ಬಾಯಿ ತೆಗೆಯುವ ಮೊದಲೇ ಎಣ್ಣೆಗೆ ಸಾಸಿವೆ ಬಿದ್ದಂತೆ ಚಟಚಟ ಶುರುವಾಯಿತು. ಒಳಗಿನಿಂದ ಅಮ್ಮ ಕೂಗಿದರು: “ಒಗ್ಗರಣೆ ಸೀಯ್ತಾ ಇದೆ, ಯಾರಾದ್ರೂ ನೋಡ್ರೋ!”