ಜಾಕ್ ಈಡಿ ಮತ್ತು ನಮ್ಮ ಮಂಡ್ಯದ ಎತ್ತರದ ಹುಡುಗರು

ಪಿಯುಸಿಗೆ ಬಂದ ಹುಡುಗರನ್ನು ಆಟದಿಂದ ಬಿಡಿಸುವುದು ನಮ್ಮ ಕಡೆ ಎಷ್ಟು ಮಾಮೂಲಾಗಿದೆ ಅಂದರೆ, ಅದರಲ್ಲಿ ತಪ್ಪೇನಿದೆ ಅಂತ ಯಾರೂ ಕೇಳುವುದೇ ಇಲ್ಲ. ಹತ್ತನೇ ಕ್ಲಾಸಿನವರೆಗೆ ಆಡಲಿ, ಆಮೇಲೆ ಓದಲಿ. ಮಂಡ್ಯದಲ್ಲೂ ಇದೇ ಮಾತು, ಮೈಸೂರಿನಲ್ಲೂ ಇದೇ ಮಾತು. ಬ್ಯಾಸ್ಕೆಟ್‌ಬಾಲ್ ಮಟ್ಟಿಗೆ ಇದು ಎಷ್ಟು ದೊಡ್ಡ ನಷ್ಟ ಅಂತ ಹೇಳಬೇಕಾದರೆ ನಾನು ಒಬ್ಬ ಹುಡುಗನ ವಿಷಯ ಹೇಳಬೇಕು. ಕೆನಡಾದವನು, ಹೆಸರು ಜಾಕ್ ಈಡಿ. ಕ್ರಿಕೆಟ್ ಬಿಟ್ಟು ಬೇರೆ ಆಟ ನೋಡದವರಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಸ್ವಲ್ಪ ಉದ್ದದ ಪೋಸ್ಟ್, ಪುರಸೊತ್ತು ಮಾಡಿಕೊಂಡು ಓದಿ.

ಈಡಿ ಹುಟ್ಟಿದ್ದು 2002ರಲ್ಲಿ, ಟೊರಾಂಟೋದಲ್ಲಿ. ಚಿಕ್ಕಂದಿನಲ್ಲಿ ಆಡುತ್ತಿದ್ದದ್ದು ಐಸ್ ಹಾಕಿ, ಬೇಸ್‌ಬಾಲ್. ಬ್ಯಾಸ್ಕೆಟ್‌ಬಾಲ್ ಅನ್ನು ಗಂಭೀರವಾಗಿ ಹಿಡಿದದ್ದು ಹೈಸ್ಕೂಲಿಗೆ ಬಂದ ಮೇಲೆ, ಹದಿನೈದು ಹದಿನಾರರ ವಯಸ್ಸಿನಲ್ಲಿ. ಆಮೇಲೆ ಫ್ಲೋರಿಡಾದ ಐಎಂಜಿ ಅಕಾಡೆಮಿ ಅನ್ನುವ ಕ್ರೀಡಾ ಶಾಲೆಗೆ ಸೇರಿದ. ಅಲ್ಲಿಂದ 2020ರಲ್ಲಿ ಕಾಲೇಜಿಗೆ, ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ. ನಮ್ಮ ಕಡೆಯ ಎಷ್ಟೋ ಮನೆಯ ಮಕ್ಕಳು ಎಂ.ಎಸ್. ಮಾಡೋಕೆ ಹೋಗುತ್ತಾರಲ್ಲ, ಅದೇ ಪರ್ಡ್ಯೂ. ಆ ವರ್ಷ ಅಮೆರಿಕದಲ್ಲಿ ಕಾಲೇಜಿಗೆ ಸೇರುವ ಆಟಗಾರರ ರ್‍ಯಾಂಕಿಂಗ್‌ನಲ್ಲಿ ಅವನ ಹೆಸರು 400ರ ಆಚೆ ಎಲ್ಲೋ ಇತ್ತು. 7 ಅಡಿ 4 ಇಂಚು ಎತ್ತರ ಇಟ್ಟುಕೊಂಡೂ 400ರ ಆಚೆ!

ಇದನ್ನು ಹೇಳಿದಾಗಲೆಲ್ಲ ಒಂದೇ ಉತ್ತರ ಬರುತ್ತದೆ. "ಅಷ್ಟು ಎತ್ತರ ಇದ್ದರೆ ಯಾರು ಬೇಕಾದರೂ ಆಡ್ತಾರೆ ಬಿಡಿ." ಇದನ್ನು ನಾನು ಒಪ್ಪಲ್ಲ. ಲೆಕ್ಕ ನೋಡಿ. ಮೊದಲ ವರ್ಷ ಒಂದು ಮ್ಯಾಚಿಗೆ ಅವನಿಗೆ ಸಿಗುತ್ತಿದ್ದದ್ದು ಸರಾಸರಿ 15 ನಿಮಿಷಕ್ಕಿಂತ ಕಡಿಮೆ, ಪಾಯಿಂಟ್ 8.7. ಎರಡನೇ ವರ್ಷ 19 ನಿಮಿಷ, 14.4 ಪಾಯಿಂಟ್. ಮೂರನೇ ವರ್ಷ 22.3 ಪಾಯಿಂಟ್. ನಾಲ್ಕನೇ ವರ್ಷ 25.2. ಎತ್ತರ ಮೊದಲ ವರ್ಷವೂ ಅಷ್ಟೇ ಇತ್ತು, ನಾಲ್ಕನೇ ವರ್ಷವೂ ಅಷ್ಟೇ ಇತ್ತು. ಹಾಗಾದರೆ ನಡುವೆ ಬೆಳೆದದ್ದು ಏನು? ಉಸಿರು, ಕಾಲು, ಕೈ, ಬುದ್ಧಿ. ಅಷ್ಟು ದೊಡ್ಡ ಮೈ ಹೊತ್ತುಕೊಂಡು ಮ್ಯಾಚಿನಲ್ಲಿ 32 ನಿಮಿಷ ಓಡಾಡುವ ತಾಕತ್ತು ಒಂದೇ ದಿನಕ್ಕೆ ಬರುವುದಿಲ್ಲ. ಇಬ್ಬರು ಬಂದು ಮೇಲೆ ಬಿದ್ದಾಗ ಗಾಬರಿಯಾಗದೆ ರಿಂಗಿನಿಂದ ದೂರ ನಿಂತ ತನ್ನ ತಂಡದವನಿಗೆ ಪಾಸ್ ಕೊಡಬೇಕು. ಫೌಲ್ ಆಗದ ಹಾಗೆ ಕೈ ಮೇಲೆತ್ತಿ ಸುಮ್ನೆ ನಿಲ್ಲಬೇಕು. ಇದನ್ನೆಲ್ಲ ಕಲಿಯೋಕೆ ಮ್ಯಾಚ್ ಬೇಕು, ಮ್ಯಾಚಿಗಿಂತ ಜಾಸ್ತಿ ಪ್ರಾಕ್ಟೀಸ್ ಬೇಕು, ಎರಡಕ್ಕಿಂತ ಜಾಸ್ತಿ ವರ್ಷಗಳು ಬೇಕು.

ಎತ್ತರದ ಹುಡುಗರಿಗೆ ಒಂದು ಹಳೇ ಡ್ರಿಲ್ ಇದೆ, ಮೈಕನ್ ಡ್ರಿಲ್ ಅಂತ. ರಿಂಗಿನ ಕೆಳಗೇ ನಿಲ್ಲಬೇಕು. ಬಲಗಡೆಯಿಂದ ಬಲಗೈಯಲ್ಲಿ ಬೋರ್ಡಿಗೆ ತಾಗಿಸಿ ಹಾಕಬೇಕು. ಬಲೆಯಿಂದ ಇಳಿಯುವ ಚೆಂಡನ್ನು ನೆಲಕ್ಕೆ ಬೀಳಲು ಬಿಡದೆ ಹಿಡಿದು, ಒಂದು ಹೆಜ್ಜೆ ಎಡಕ್ಕೆ ಹೋಗಿ, ಎಡಗೈಯಲ್ಲಿ ಹಾಕಬೇಕು. ಮತ್ತೆ ಬಲಕ್ಕೆ. ಚೆಂಡು ಭುಜದಿಂದ ಕೆಳಗೆ ಇಳಿಯಲೇಬಾರದು. ನೋಡೋಕೆ ಮಕ್ಕಳಾಟ ಅನಿಸುತ್ತದೆ. ಎರಡು ನಿಮಿಷ ಮಾಡಿ ನೋಡಿ, ತೋಳು ಸೋತು ಹೋಗುತ್ತದೆ. ಇದು ಜಾರ್ಜ್ ಮೈಕನ್ ಅನ್ನುವ ಆಟಗಾರನ ಹೆಸರಿನ ಡ್ರಿಲ್. 1942ರಲ್ಲಿ ಷಿಕಾಗೋದ ಡಿಪಾಲ್ ಕಾಲೇಜಿನಲ್ಲಿ ರೇ ಮೆಯರ್ ಅನ್ನುವ ಹೊಸ ಕೋಚ್ ಕೈಗೆ ಅವನು ಸಿಕ್ಕ. 6 ಅಡಿ 10 ಇಂಚು, ದಪ್ಪ ಕನ್ನಡಕ, ಕಾಲಿಗೆ ಕಾಲು ತಾಗುವ ನಡಿಗೆ. ಮೆಯರ್ ಅವನಿಂದ ಹಗ್ಗ ಹಾರಿಸಿದರು, ಡ್ಯಾನ್ಸ್ ಕಲಿಸಿದರು, ಎರಡೂ ಕೈಯಲ್ಲಿ ಹುಕ್ ಶಾಟ್ (ತಲೆಯ ಮೇಲಿಂದ ಒಂದೇ ಕೈ ಬಳಸಿ ಎಸೆಯುವುದು) ಹೊಡೆಸಿದರು. ಕೊನೆಗೆ ಅವನು ಎದುರಾಳಿ ಎಸೆದು ರಿಂಗಿಗೆ ಇಳಿಯುತ್ತಿದ್ದ ಚೆಂಡನ್ನೇ ಮೇಲಿಂದ ಹೊಡೆದು ಆಚೆ ತಳ್ಳೋಕೆ ಶುರು ಮಾಡಿದ್ದಕ್ಕೆ ಕಾಲೇಜು ಆಟದ ನಿಯಮವನ್ನೇ ಬದಲಿಸಬೇಕಾಯಿತು. ಈಡಿಗಿಂತ ಎಂಟು ದಶಕ ಹಿಂದಿನ ಮಾತು ಇದು. ಎತ್ತರದ, ನಿಧಾನದ, ಒಡ್ಡೊಡ್ಡಾದ ಹುಡುಗ ಕಾಲೇಜಿನ ವಯಸ್ಸಿನಲ್ಲೇ ತಯಾರಾಗುತ್ತಾನೆ ಅನ್ನೋದು ಅವರಿಗೆ ಆವಾಗಲೇ ಗೊತ್ತಿತ್ತು.

ಇನ್ನು ಎದುರಾಳಿಯ ವಿಷಯ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಪರ್ಡ್ಯೂಗೆ ಜನ್ಮದ ಎದುರಾಳಿ ಅಂದರೆ ಅದೇ ರಾಜ್ಯದ ಇಂಡಿಯಾನಾ ವಿಶ್ವವಿದ್ಯಾಲಯ. ಎರಡೂ ಊರಿನ ನಡುವೆ ಕಾರಿನಲ್ಲಿ ಸುಮಾರು ಎರಡು ಗಂಟೆ ದಾರಿ. ಇಂಡಿಯಾನಾ ಐದು ಸಲ ರಾಷ್ಟ್ರೀಯ ಚಾಂಪಿಯನ್, 1976ರಲ್ಲಂತೂ ಒಂದೂ ಮ್ಯಾಚ್ ಸೋಲದೆ 32ಕ್ಕೆ 32 ಗೆದ್ದ ತಂಡ, ಅವತ್ತಿನಿಂದ ಇವತ್ತಿನವರೆಗೆ ಎನ್‌ಸಿಎಎ ಅನ್ನುವ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯ ಪುರುಷರ ವಿಭಾಗದಲ್ಲಿ ಯಾರೂ ಹಾಗೆ ಗೆದ್ದಿಲ್ಲ. ಪರ್ಡ್ಯೂ ಆ ಟೂರ್ನಿಯನ್ನು ಒಂದು ಸಲವೂ ಗೆದ್ದಿಲ್ಲ. ಆದರೆ ಇಬ್ಬರೂ ಮುಖಾಮುಖಿಯಾದ ಮ್ಯಾಚುಗಳ ಲೆಕ್ಕ ತೆಗೆದರೆ ಮುಂದಿರುವುದು ಪರ್ಡ್ಯೂನೇ. ಇಷ್ಟು ಸಾಕು ಬೆಂಕಿ ಹತ್ತೋಕೆ. 1985ರಲ್ಲಿ ಇಂಡಿಯಾನಾದ ಕೋಚ್ ಬಾಬ್ ನೈಟ್ ಸಿಟ್ಟಿನಲ್ಲಿ ಕುರ್ಚಿ ಎತ್ತಿ ಕೋರ್ಟಿನೊಳಗೆ ಎಸೆದರಲ್ಲ, ಅದು ಇದೇ ಪರ್ಡ್ಯೂ ಮ್ಯಾಚಿನಲ್ಲೇ.

2023ರ ಫೆಬ್ರವರಿ 4. ಪರ್ಡ್ಯೂ ದೇಶಕ್ಕೇ ನಂಬರ್ ಒನ್. ಇಂಡಿಯಾನಾದ ಅಸೆಂಬ್ಲಿ ಹಾಲ್‌ನಲ್ಲಿ ಮ್ಯಾಚ್. ಈಡಿ 33 ಪಾಯಿಂಟ್ ಹೊಡೆದ. ಆದರೂ ಪರ್ಡ್ಯೂ 79–74ರಲ್ಲಿ ಸೋತಿತು. ಜನ ಕೋರ್ಟಿಗೆ ನುಗ್ಗಿ ಕುಣಿದರು. ಮೂರು ವಾರ ಕಳೆದು ಪರ್ಡ್ಯೂ ಅಂಗಳದಲ್ಲೇ ಮತ್ತೊಂದು ಸೋಲು, 79–71. ಅದು ಸಾಲದು ಅಂತ ಮಾರ್ಚ್‌ನಲ್ಲಿ, ಎನ್‌ಸಿಎಎ ಟೂರ್ನಿಯ ಮೊದಲ ಸುತ್ತಿನಲ್ಲಿ, 16ನೇ (ಅಂದರೆ ತೀರಾ ಕೆಳಗಿನ) ಶ್ರೇಯಾಂಕದ ಫೇರ್‌ಲೀ ಡಿಕಿನ್ಸನ್ ಅನ್ನುವ ಪುಟ್ಟ ಕಾಲೇಜು ಬಂದು 63–58ರಲ್ಲಿ ಸೋಲಿಸಿ ಹೋಯಿತು. ಪುರುಷರ ಟೂರ್ನಿಯ ಚರಿತ್ರೆಯಲ್ಲಿ 16ನೇ ಶ್ರೇಯಾಂಕದ ತಂಡ 1ನೇ ಶ್ರೇಯಾಂಕದ ತಂಡವನ್ನು ಸೋಲಿಸಿದ್ದು ಅದು ಎರಡನೇ ಸಲ ಮಾತ್ರ. ಅದೂ ದೇಶದಲ್ಲೇ ಕುಳ್ಳರ ತಂಡ ಅನ್ನಿಸಿಕೊಂಡವರ ಕೈಯಲ್ಲಿ. ಹಿಂದಿನ ವರ್ಷ 15ನೇ ಶ್ರೇಯಾಂಕದವರ ಕೈಯಲ್ಲಿ ಸೋಲು, ಅದರ ಹಿಂದಿನ ವರ್ಷ 13ನೇ ಶ್ರೇಯಾಂಕದವರ ಕೈಯಲ್ಲಿ. ಕೋಚ್ ಮ್ಯಾಟ್ ಪೇಂಟರ್ ಅವರನ್ನು ಜನ ಎಷ್ಟು ಆಡಿಕೊಂಡಿರಬೇಕು, ನೀವೇ ಊಹಿಸಿ.

ಈಡಿ ಆ ವರ್ಷದ ದೇಶದ ಶ್ರೇಷ್ಠ ಕಾಲೇಜು ಆಟಗಾರ. ಎನ್‌ಬಿಎ ಡ್ರಾಫ್ಟ್‌ಗೆ, ಅಂದರೆ ಅಮೆರಿಕದ ವೃತ್ತಿಪರ ಲೀಗಿನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಆಯ್ಕೆಗೆ, ಹೆಸರು ಕೊಟ್ಟಿದ್ದ. ವಾಪಸ್ ತೆಗೆದುಕೊಂಡ. 2021ರಿಂದ ಅಲ್ಲಿ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಿಕೊಳ್ಳಬಹುದು. ಇವನು ಸ್ಟೂಡೆಂಟ್ ವೀಸಾದಲ್ಲಿ ಬಂದ ವಿದೇಶಿ ಹುಡುಗ, ಅಮೆರಿಕದ ಹುಡುಗರ ಹಾಗೆ ಸಲೀಸಾಗಿ ಆ ದುಡ್ಡು ಇವನ ಕೈಗೆ ಬರುವ ಹಾಗಿರಲಿಲ್ಲ. ಆದರೂ ನಾಲ್ಕನೇ ವರ್ಷಕ್ಕೆ ಉಳಿದುಕೊಂಡ.

2024ರ ಜನವರಿ 16. ಮತ್ತೆ ಅದೇ ಅಸೆಂಬ್ಲಿ ಹಾಲ್. ಈಡಿ ಮತ್ತೆ 33 ಪಾಯಿಂಟ್ ಹೊಡೆದ. ಅದೇ ಜಾಗ, ಅದೇ 33. ಈ ಸಲ ಪರ್ಡ್ಯೂ 87–66ರಲ್ಲಿ ಗೆದ್ದಿತು, 21 ಪಾಯಿಂಟ್ ಅಂತರ! ಇಂಡಿಯಾನಾ ಆ ವರ್ಷ ಸ್ವಲ್ಪ ಸೊರಗಿತ್ತು ಅನ್ನೋದು ನಿಜ, ಟ್ರೇಸ್ ಜಾಕ್ಸನ್-ಡೇವಿಸ್ ಥರದವರು ಎನ್‌ಬಿಎಗೆ ಹೋಗಿಬಿಟ್ಟಿದ್ದರು. ಆದರೆ ಪರ್ಡ್ಯೂ ಕೂಡ ಬದಲಾಗಿತ್ತು. ಹಿಂದಿನ ವರ್ಷ ಮೊದಲ ವರ್ಷದ ಹುಡುಗರಾಗಿದ್ದ ಬ್ರೇಡನ್ ಸ್ಮಿತ್, ಫ್ಲೆಚರ್ ಲಾಯರ್ ಈಗ ಒತ್ತಡ ತಡೆದುಕೊಳ್ಳುವುದನ್ನು ಕಲಿತಿದ್ದರು. ಈಡಿಯ ಮೇಲೆ ಇಬ್ಬರು ಬಿದ್ದರೆ ಮುಂದೇನು ಅಂತ ಇಡೀ ತಂಡಕ್ಕೆ ಗೊತ್ತಿತ್ತು. ಆ ಸೀಸನ್ 39 ಮ್ಯಾಚಿನಲ್ಲಿ 34 ಗೆದ್ದರು. ಟೆನೆಸ್ಸೀ ಮೇಲೆ ಈಡಿ 40 ಪಾಯಿಂಟ್ ಹೊಡೆದು 1980ರ ನಂತರ ಮೊದಲ ಸಲ ಪರ್ಡ್ಯೂವನ್ನು ಕೊನೆಯ ನಾಲ್ಕಕ್ಕೆ ಕರೆದುಕೊಂಡು ಹೋದ. ಫೈನಲ್‌ನಲ್ಲಿ ಕನೆಕ್ಟಿಕಟ್ ಎದುರು ಒಬ್ಬನೇ 37 ಹೊಡೆದರೂ 75–60ರಲ್ಲಿ ಸೋತರು. ಸತತ ಎರಡು ವರ್ಷ ದೇಶದ ಶ್ರೇಷ್ಠ ಆಟಗಾರ, 1980ರ ದಶಕದ ರಾಲ್ಫ್ ಸ್ಯಾಂಪ್ಸನ್ ನಂತರ ಯಾರಿಗೂ ಸಿಗದ ಗೌರವ. ಆಮೇಲೆ ಎನ್‌ಬಿಎ ಡ್ರಾಫ್ಟ್‌ನಲ್ಲಿ 9ನೆಯವನಾಗಿ ಮೆಂಫಿಸ್ ತಂಡಕ್ಕೆ.

ಒಂದೇ ಎದುರಾಳಿ ಪ್ರತಿ ವರ್ಷ ಎದುರಿಗೆ ಬರುವುದು, ಒಂದು ಸಲ ಅವರ ಊರಿನಲ್ಲಿ, ಒಂದು ಸಲ ನಮ್ಮೂರಿನಲ್ಲಿ. ಹುಡುಗ ಎಷ್ಟು ಬೆಳೆದ ಅಂತ ಅಳೆಯೋಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನಾನು ಕಂಡಿಲ್ಲ. ಹೋದ ವರ್ಷ ನಿನ್ನನ್ನು ತಳ್ಳಿ ಆಡಿದ ಅದೇ ಹುಡುಗ, ಅದೇ ರಿಂಗ್, ಕಿರುಚುವ ಅದೇ ಜನ. ಈ ವರ್ಷ ಏನು ಮಾಡ್ತೀಯ?

ಈಗ ನಮ್ಮ ಊರಿಗೆ ಬರೋಣ.

ನಾವು ಮಂಡ್ಯದಲ್ಲಿ ಸಂಜೆ ಆಡುವ ಕೋರ್ಟಿಗೆ ಒಬ್ಬ ಹುಡುಗ ಬರುತ್ತಿದ್ದ. ಫಸ್ಟ್ ಪಿಯುಸಿ, ಆಗಲೇ 6 ಅಡಿ 4 ಇಂಚು. ಬಂದಾಗ ಚೆಂಡನ್ನು ಎರಡೂ ಕೈಯಲ್ಲಿ ಎದೆಗೆ ಅಪ್ಪಿಕೊಂಡು ನಿಂತುಬಿಡುತ್ತಿದ್ದ, ಯಾರಾದರೂ ಕಿತ್ತುಕೊಂಡು ಹೋಗುವವರೆಗೆ. ಮೈಕನ್ ಡ್ರಿಲ್ ಹೇಳಿಕೊಟ್ಟೆವು. ಎಡಗೈಯಲ್ಲಿ ಹಾಕಿದ್ದು ಬೋರ್ಡಿನ ಹಿಂದಕ್ಕೇ ಹೋಗುತ್ತಿತ್ತು. ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಹೋಗಿ ತಂದು ಮತ್ತೆ ಹಾಕುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಎಡಗೈ ಎಷ್ಟು ಮೃದುವಾಗಿತ್ತು ಅಂದರೆ, ಚೆಂಡು ಬೋರ್ಡಿಗೆ ತಾಗಿದ ಸದ್ದೇ ಕೇಳಿಸುತ್ತಿರಲಿಲ್ಲ, ಸೀದಾ ಬಲೆಯೊಳಗೆ. ಆಮೇಲೆ ಒಂದು ದಿನ ಬಂದು ಹೇಳಿದ, "ಇನ್ಮೇಲೆ ಬರಕ್ಕಾಗಲ್ಲ ಅಣ್ಣ. ಸೆಕೆಂಡ್ ಪಿಯುಸಿ ಅಲ್ವಾ. ಕಾಲೇಜಲ್ಲೇ ಸಂಜೆವರ್ಗೂ ಕೋಚಿಂಗ್ ಇಟ್ಟವ್ರೆ." ಅವನ ತಾಯಿ ಮಾರ್ಕೆಟ್ ಹತ್ತಿರ ಸಿಕ್ಕಿದ್ದರು. "ಆಟ ಬ್ಯಾಡ ಅಂತ ನಾವೇನು ಅಂದಿಲ್ಲ ಕಣಪ್ಪ. ಸೀಟ್ ಸಿಗ್ದೆ ಹೋದ್ರೆ ಯಾರ್ ಕೊಡ್ತಾರೆ ಹೇಳು?" ಅಂದರು. ನಾನು ಏನು ಹೇಳಲಿ? ಅವರು ಕೇಳಿದ್ದರಲ್ಲಿ ತಪ್ಪೇ ಇಲ್ಲ.

ಆ ತಾಯಿಯ ಮೇಲೆ ನನಗೆ ಒಂಚೂರೂ ಸಿಟ್ಟಿಲ್ಲ. ಗದ್ದೆ ಕೆಲಸ ನೋಡಿಕೊಂಡು ಮಗನನ್ನು ಸಿಇಟಿಗೆ ಓದಿಸುವ ಮನೆ ಅದು. ಸಿಟ್ಟಿರುವುದು ಆಟ ಮತ್ತು ಓದು ಎರಡರಲ್ಲಿ ಒಂದನ್ನು ಆರಿಸಿಕೋ ಅಂತ 16 ವರ್ಷದ ಹುಡುಗನ ಮುಂದೆ ಇಡುವ ನಮ್ಮ ವ್ಯವಸ್ಥೆಯ ಮೇಲೆ. ಈಡಿ ಚೆಂಡು ಮುಟ್ಟಿದ ವಯಸ್ಸಿಗೆ ನಾವು ಚೆಂಡು ಕಿತ್ತುಕೊಳ್ಳುತ್ತೇವೆ. ಎತ್ತರದ ಹುಡುಗರಿಗೆ ಇದರಿಂದ ಇನ್ನೂ ಜಾಸ್ತಿ ಹೊಡೆತ, ಯಾಕೆಂದರೆ ಅವರ ಮೈ ಹಿಡಿತಕ್ಕೆ ಬರುವುದೇ ತಡ. ಹತ್ತನೇ ಕ್ಲಾಸಿನಲ್ಲಿ ಮಿಂಚುವವರು ಕುಳ್ಳಗಿರುವ ಚುರುಕು ಹುಡುಗರು. ಉದ್ದದವನು ಆವಾಗಿನ್ನೂ ತನ್ನ ಕಾಲು ತಾನೇ ತುಳಿದುಕೊಳ್ಳುತ್ತಿರುತ್ತಾನೆ.

ಸತ್ನಾಮ್ ಸಿಂಗ್ ನೆನಪಾಗುತ್ತಾನೆ. ಪಂಜಾಬಿನ ಬಲ್ಲೋ ಕೆ ಅನ್ನುವ ಹಳ್ಳಿಯ 7 ಅಡಿ 2 ಇಂಚಿನ ಹುಡುಗ. 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ, ಡಲ್ಲಾಸ್ ತಂಡಕ್ಕೆ 52ನೆಯವನಾಗಿ. ಅವನೂ ಓದಿದ್ದು ಅದೇ ಐಎಂಜಿ ಅಕಾಡೆಮಿಯಲ್ಲಿ, ಈಡಿಗಿಂತ ಕೆಲವು ವರ್ಷ ಮುಂಚೆ. ಆದರೆ ಅವನು ಕಾಲೇಜು ತಂಡಕ್ಕೆ ಆಡದೆ ಅಲ್ಲಿಂದ ನೇರವಾಗಿ ಡ್ರಾಫ್ಟ್‌ಗೆ ಹೋದ. ಎನ್‌ಬಿಎಯಲ್ಲಿ ಒಂದು ಮ್ಯಾಚೂ ಆಡಲು ಆಗಲಿಲ್ಲ. ಅವನ ಸಾಧನೆ ಚಿಕ್ಕದು ಅಂತ ನಾನು ಖಂಡಿತ ಹೇಳಲ್ಲ, ಅವನು ನಡೆದ ದಾರಿ ಅವನಿಗಿಂತ ಮುಂಚೆ ನಮ್ಮವರು ಯಾರೂ ನಡೆದಿರಲಿಲ್ಲ. ಆದರೆ ಮೊದಲ ವರ್ಷ ಹದಿನೈದು ನಿಮಿಷ, ಎರಡನೇ ವರ್ಷ ಹತ್ತೊಂಬತ್ತು ನಿಮಿಷ ಅಂತ ನಿಧಾನಕ್ಕೆ ಬೆಳೆಸುವ ಆ ನಾಲ್ಕು ವರ್ಷ ಅವನಿಗೂ ಸಿಕ್ಕಿದ್ದರೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಈಡಿ ನಾಲ್ಕು ವರ್ಷದಲ್ಲಿ ಆಡಿದ್ದು 138 ಕಾಲೇಜು ಮ್ಯಾಚ್. ನಮ್ಮ ಹುಡುಗ ಇಂಜಿನಿಯರಿಂಗ್ ಸೇರಿ, ಅದೃಷ್ಟಕ್ಕೆ ಕಾಲೇಜು ಟೀಮಿಗೂ ಸೇರಿದ ಅಂತಲೇ ಇಟ್ಟುಕೊಳ್ಳಿ. ಅಂತರ ಕಾಲೇಜು ಟೂರ್ನಿ ಅಂದರೆ ಬಹುತೇಕ ನಾಕೌಟ್. ಬೆಳಿಗ್ಗೆ ಸೋತರೆ ಮಧ್ಯಾಹ್ನ ಬಸ್ಸು. ಆ ವರ್ಷ ಅಲ್ಲಿಗೆ ಮುಗಿಯಿತು. ಯಾರ ಕೈಯಲ್ಲಿ ಸೋತೆವೋ ಅವರನ್ನು ಮತ್ತೆ ಎದುರಿಸುವ ಅವಕಾಶವೇ ಇಲ್ಲ. ಮಂಡ್ಯದವರಿಗೂ ಮೈಸೂರಿನವರಿಗೂ ಕೋರ್ಟಿನಲ್ಲಿ ಜಿದ್ದು ಇಲ್ವಾ? ಬೇಕಾದಷ್ಟಿದೆ. ಮೈಸೂರಿನ ಕಾಲೇಜೊಂದರ ಜೊತೆ ಮ್ಯಾಚ್ ಅಂದರೆ ನಮ್ಮ ಹುಡುಗರು ಹಿಂದಿನ ರಾತ್ರಿ ನಿದ್ದೆ ಮಾಡಲ್ಲ. ಆ ಜಿದ್ದನ್ನು ನಾವು ವರ್ಷಕ್ಕೊಂದು ಮ್ಯಾಚಿನಲ್ಲಿ ಉರಿಸಿ ಆರಿಸಿಬಿಡುತ್ತೇವೆ.

ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಕಿಲ್ಲ. ಮಂಡ್ಯಕ್ಕೂ ಮೈಸೂರಿಗೂ ಇರುವುದು 45 ಕಿಲೋಮೀಟರ್ ಆಸುಪಾಸು, ರೈಲಿದೆ, ಹೆಜ್ಜೆಹೆಜ್ಜೆಗೂ ಬಸ್ಸಿದೆ. ಎರಡೂ ಕಡೆಯಿಂದ ಮೂರು ಮೂರು ಕಾಲೇಜು ಸೇರಿಕೊಳ್ಳಲಿ. ಪ್ರತಿಯೊಬ್ಬರೂ ಉಳಿದ ಐದು ತಂಡಗಳ ಜೊತೆ ಎರಡೆರಡು ಸಲ ಆಡಲಿ, ಒಂದು ಅಲ್ಲಿ, ಒಂದು ಇಲ್ಲಿ. ಒಬ್ಬೊಬ್ಬರಿಗೆ ಹತ್ತು ಮ್ಯಾಚ್. ಭಾನುವಾರ ಬೆಳಿಗ್ಗೆ ಆಡಿದರೆ ಯಾವ ಕ್ಲಾಸೂ ತಪ್ಪಲ್ಲ. ಪ್ರತಿ ಮ್ಯಾಚಿನಲ್ಲೂ ಮೊದಲ ವರ್ಷದ ಇಬ್ಬರನ್ನು ಕನಿಷ್ಠ ಒಂದು ಕ್ವಾರ್ಟರ್ ಆಡಿಸಲೇಬೇಕು ಅಂತ ನಿಯಮ ಮಾಡಿ. ಪಿಯು ಕಾಲೇಜಿನವರು ವಾರಕ್ಕೆ ಮೂರು ಸಂಜೆ, ಒಂದೊಂದು ಗಂಟೆ ಬಿಟ್ಟುಕೊಡಲಿ. ಜಾಸ್ತಿ ಕೇಳುತ್ತಿಲ್ಲ. ಆ ಒಂದು ಗಂಟೆಯಿಂದ ಯಾರ ಸಿಇಟಿ ರ್‍ಯಾಂಕೂ ಮುಳುಗಿ ಹೋಗಲ್ಲ ಅಂತ ನಾನು ಮನಸಾರೆ ನಂಬುತ್ತೇನೆ.

ಮೈಸೂರು, ಮಂಡ್ಯದ ಕಾಲೇಜುಗಳ ಪಿ.ಡಿ. (ದೈಹಿಕ ಶಿಕ್ಷಣ) ಸರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕೆಳಗೆ ಒಂದು ಮಾತು ಬರೆಯಿರಿ. ಸ್ಕೋರ್ ಶೀಟ್ ಬರೆಯೋಕೆ, ಗಡಿಯಾರ ನೋಡಿಕೊಳ್ಳೋಕೆ, ವಿಸಿಲ್ ಊದೋಕೆ ನಾವು ಹಳೇ ಆಟಗಾರರು ಬರುತ್ತೇವೆ, ಒಂದು ರೂಪಾಯಿ ತೆಗೆದುಕೊಳ್ಳಲ್ಲ. ನಮ್ಮ ಆ 6 ಅಡಿ 4 ಇಂಚಿನ ಹುಡುಗ ಈಗ ಮೈಸೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದಾನೆ. ಅವನನ್ನು ಮತ್ತೆ ಕೋರ್ಟಿಗೆ ಕರೆತರುವ ಜವಾಬ್ದಾರಿ ನನ್ನದು.